ಟೀಚರಮ್ಮನ ಗಂಟೆ ಬಿಚ್ಚಿಸಿದ ಆರೋಗ್ಯಾಧಿಕಾರಿಗಳಿಗೆ

ಮಾನ್ಯ ಮುಖ್ಯ ಆರೋಗ್ಯಾಧಿಕಾರಿಗಳೇ,

ನೀವು ಕ್ಷೇಮವೇ? ನಿಮ್ಮ ಹಿರಿಯ ಸಹಾಯಕರ ಕೆಮ್ಮು ಕಡಿಮೆಯಾಯಿತೇ? ಕಡತಗಳನ್ನು ಎದೆಗವುಚಿಕೊಂಡು ನಿಮ್ಮ ಹಿಂದೆಯೇ ಓಡಾಡುತ್ತಿದ್ದ ಆ ಕನ್ನಡಕದ ಹೆಣ್ಣುಮಗಳಿಗೆ ಹೆರಿಗೆಯಾಯಿತಂತೆ. ತಾಯಿ, ಮಗು ಚೆನ್ನಾಗಿದ್ದಾರೆಯೇ? ಮತ್ತೆ ನಮ್ಮ ಮೇಲ್ವಿಚಾರಕರ ದವಡೆ ಹೇಗಿದೆ? ಎರಡು ಕಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ, ಏನಿದ್ದರೂ ನಳಿಕೆಯಲ್ಲಿ ಹೀರಬೇಕು ಎಂದು ಕೇಳಿದೆ. ಅವರ ಮೂರು ಹಲ್ಲುಗಳು ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು. ಆರಿಸಿ, ತೊಳೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಆಸ್ಪತ್ರೆಗೆ ಕಳಿಸಿದವಳು ನಾನೇ. ತಲುಪಿದವೋ ಇಲ್ಲವೋ ಯಾರೂ ಹೇಳಲಿಲ್ಲ.

ಬಂಧುಗಳಿಗೆ ಕಾಗದ ಬರೆದು ಬರೆದೇ ಅಕ್ಷರ ತಿದ್ದಿಕೊಂಡವಳು ನಾನು. ಮನೆಮಂದಿಯ ಯೋಗಕ್ಷೇಮ ಕೇಳದೆ ನೇರ ವಿಷಯಕ್ಕೆ ಬಂದರೆ ನನ್ನ ಪೆನ್ನು ಮುಂದಕ್ಕೇ ಹೋಗುವುದಿಲ್ಲ. ಆರೋಗ್ಯ ವಿಚಾರಿಸುವುದು ನಿಮಗೆ ಉದ್ಯೋಗ, ನನಗೆ ಅಭ್ಯಾಸ, ವ್ಯತ್ಯಾಸ ಅಷ್ಟೇ.

ಈಗ ವಿಷಯ. ಆ ದವಡೆ ಮುರಿದವನು ನನ್ನ ತಮ್ಮನ ಮಗ. ಹದಿನೆಂಟು ದಿನಗಳಿಂದ ಜೈಲಿನಲ್ಲಿದ್ದಾನೆ. ಬರುವ ಗುರುವಾರ ನ್ಯಾಯಾಧೀಶರ ಮುಂದೆ ನಿಲ್ಲುತ್ತಾನೆ. ಅವನ ಬಗ್ಗೆ ನಿಮ್ಮ ಕಚೇರಿ ಒಂಬತ್ತು ಪುಟದ ವರದಿ ಕಳಿಸಿದೆ. ಅದರ ಏಳನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: “ದಿನನಿತ್ಯ ಪ್ರಾಣಿವಧೆ ಮಾಡುವ ಆರೋಪಿಯಲ್ಲಿ ವೃತ್ತಿಯಿಂದಲೇ ಕ್ರೌರ್ಯವು ಸ್ವಭಾವವಾಗಿ ನೆಲೆಗೊಂಡಿದೆ.” ಇದೇ ವಾಕ್ಯವನ್ನು, ‘ನಗರ ಮಾಂಸ ಬಿಡಬೇಕೇ?’ ಎಂದು ನೀವು ಮನೆಮನೆಗೆ ಹಂಚುತ್ತಿರುವ ಕರಪತ್ರದಲ್ಲೂ ಅವನ ಊದಿದ ಮುಖದ ಚಿತ್ರದ ಕೆಳಗೆ ಅಚ್ಚು ಹಾಕಿಸಿದ್ದೀರಿ. ಮುಖ ಊದಿದ್ದು ಏಕೆ ಎಂದು ಮಾತ್ರ ಅಚ್ಚು ಹಾಕಿಸಿಲ್ಲ. ಮಾನ್ಯರೇ, ಏಳನೆಯ ಪುಟ ಸುಳ್ಳು. ಗುರುವಾರದೊಳಗೆ ನೀವು ಅದನ್ನು ಹಿಂದಕ್ಕೆ ಪಡೆಯದಿದ್ದರೆ ಅವನು ಹೊಡೆದದ್ದಕ್ಕಲ್ಲ, ಸ್ವಭಾವದಲ್ಲೇ ರಾಕ್ಷಸನೆಂದು ಒಳಗಿರುತ್ತಾನೆ. ಅದಕ್ಕಾಗಿ ಈ ಪತ್ರ, ಅದೂ ಎಲ್ಲರೂ ಓದಲೆಂದು ಪತ್ರಿಕೆಯಲ್ಲಿ.

ನಾನು ನಿಮ್ಮ ಕಸಾಯಿಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ನೆಲ ತೊಳೆಯುವವಳು. ಕಸಾಯಿಖಾನೆ ಎನ್ನಬಾರದು, ಮರೆತೆ. ಕಳೆದ ವರ್ಷದಿಂದ ಅದು ‘ಆಹಾರ ಸಂಸ್ಕರಣಾ ಘಟಕ’. ಹೆಸರು ಬದಲಾದದ್ದನ್ನು ಕುರಿಗಳಿಗೆ ಯಾರೂ ತಿಳಿಸಲಿಲ್ಲವೆಂದು ಕಾಣುತ್ತದೆ, ಅವು ಹಿಂದಿನಂತೆಯೇ ಒದ್ದಾಡಿ ಸತ್ತವು. ನಾನು ಶಾಲೆಗೆ ಹೋದವಳಲ್ಲ. ಪಶುವೈದ್ಯರು ಸುಲಿದ ತೊಡೆಯ ಮೇಲೆ ಒತ್ತುವ ನೇರಳೆ ಮೊಹರಿನಲ್ಲಿ ‘ತಪಾಸಣೆ ಆಗಿದೆ’ ಎಂದಿರುತ್ತದಲ್ಲ, ನಾನು ಕಲಿತ ಮೊದಲ ಅಕ್ಷರಗಳು ಅವು. ಆಮೇಲೆ ಮಾಂಸ ಸುತ್ತುವ ಹಳೆಯ ಪತ್ರಿಕೆಗಳು. ಅರ್ಧ ಸುದ್ದಿ ರಕ್ತದಲ್ಲಿ ನೆನೆದು ಹೋಗಿರುತ್ತಿತ್ತು, ಉಳಿದರ್ಧವನ್ನು ನಾನೇ ಊಹಿಸಿಕೊಳ್ಳುತ್ತಿದ್ದೆ. ಹಾಗಾಗಿ ಸರ್ಕಾರಿ ಭಾಷೆ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಮಾಂಸದ ವಕೀಲಳೆಂದು ಪಕ್ಕಕ್ಕಿಡುತ್ತೀರಿ. ನಾನು ಮಾಂಸ ತಿನ್ನುವುದಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಯಾರೂ ಉಪದೇಶ ಮಾಡಲಿಲ್ಲ, ಯಾರ ಕರಪತ್ರವನ್ನೂ ಓದಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು, ಒಳಗೆ ಹೋಗಲಿಲ್ಲ. “ಏನೇ, ಉಪ್ಪು ಜಾಸ್ತಿ ಆಯ್ತಾ?” ಅಂದರು ನಮ್ಮ ಯಜಮಾನರು. “ಇಲ್ಲ, ಸಾಕಾಯ್ತು” ಅಂದೆ. ಅವರು ಸಾಯುವವರೆಗೂ ತಿಂದರು, ನಾನು ಬೇಯಿಸಿ ಬಡಿಸಿದೆ. ಒಂದೇ ಒಲೆ, ಎರಡು ಪಾತ್ರೆ. ಒಂದು ದಿನವೂ ಜಗಳವಾಗಲಿಲ್ಲ. ನಮ್ಮದು ಒಂದೇ ಕೋಣೆಯ ಮನೆ, ಜಗಳಕ್ಕೆ ಜಾಗವಿರಲಿಲ್ಲ. ನಿಮ್ಮದು ದೊಡ್ಡ ನಗರ, ಜಾಗ ಧಾರಾಳ.

ಆ ಜಾಗವನ್ನು ಜನ ಹೇಗೆ ಬಳಸಿಕೊಂಡರು ನೋಡಿದಿರಲ್ಲ. ನೀವು ಚರ್ಚೆ ಶುರುಮಾಡಿದ ಎರಡನೆಯ ವಾರ, ಮಾಂಸ ಬಿಡಬೇಕು ಎನ್ನುವವರು ಬಸ್ ನಿಲ್ದಾಣದಲ್ಲಿ ನನ್ನ ತಲೆಯ ಮೇಲೆ ಕೆಂಪು ಬಣ್ಣದ ಡಬ್ಬಿ ಕವುಚಿದರು. ಡಬ್ಬಿಯ ಅಂಚು ತಾಗಿ ಹುಬ್ಬು ಹರಿಯಿತು. ನಿಜವಾದ ರಕ್ತವೂ ಇಳಿಯಿತು, ಬಣ್ಣದ ನಡುವೆ ಅದು ಯಾರಿಗೂ ಕಾಣಲಿಲ್ಲ. “ಕೊಲೆಗಾರ್ತಿ!” ಅಂದಳು ಒಬ್ಬ ಹುಡುಗಿ. “ಮಗಳೇ, ನಾನು ತಿನ್ನಲ್ಲಮ್ಮ” ಅಂದೆ. “ತಿನ್ನದೆ ಇದ್ರೇನು, ತೊಳೀತೀಯಲ್ಲ!” ಅಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮೂರನೆಯ ವಾರ, ತಿನ್ನಲೇಬೇಕು ಎನ್ನುವವರು ಒಬ್ಬ ದಂತವೈದ್ಯರ ಕ್ಲಿನಿಕ್ಕಿಗೆ ನುಗ್ಗಿದರು. ಆ ವೈದ್ಯರು ಮಾಂಸ ಬಿಡಿ ಎಂದು ಭಾಷಣ ಮಾಡಿದ್ದರು. ಅವರ ಕುರ್ಚಿಯಲ್ಲಿ ಅವರನ್ನೇ ಮಲಗಿಸಿ, ಅವರ ಇಕ್ಕಳದಿಂದಲೇ ಬಾಯಿ ಅಗಲಿಸಿ, ಹಸಿ ಲಿವರ್ ತುರುಕಿದರು. ತಡೆಯಲು ಹೋದ ಅವರ ಎರಡು ಬೆರಳು ಮುರಿದವು. ಈ ಎರಡು ಗುಂಪಿನವರೂ ಪ್ರಾಣಿಗಾಗಿ ಬಡಿದಾಡುತ್ತಿದ್ದಾರೆಂದು ನಿಮ್ಮ ಕಚೇರಿ ಹೇಳುತ್ತದೆ. ನಮ್ಮ ಗೇಟಿನ ಮುಂದೆ ದಿನವೂ ಲಾರಿಯಿಂದ ಕುರಿ ಇಳಿಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಅದರ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಆಗ ನೀವು ಏನು ಮಾಡಿದಿರಿ? ಬಿಡಿ ಎಂದಿರಾ? ಇಲ್ಲ. ತಿನ್ನಿ ಎಂದಿರಾ? ಅದೂ ಇಲ್ಲ. ಗೋಡೆ ಕಟ್ಟಿಸಿದಿರಿ. “ಸಾರ್ವಜನಿಕರ ಸಂವೇದನೆಗೆ ಧಕ್ಕೆಯಾಗದಂತೆ, ಘಟಕದ ಒಳಗಿನ ದೃಶ್ಯ, ಶಬ್ದ ಮತ್ತು ವಾಸನೆ ಹೊರಗೆ ಬಾರದಂತೆ ಕ್ರಮ ಕೈಗೊಳ್ಳತಕ್ಕದ್ದು.” ಎಷ್ಟು ಚೆಂದದ ವಾಕ್ಯ! ಯಾರ ಸಂವೇದನೆಗೆ ಧಕ್ಕೆಯಾಗಬಾರದು ಎಂದು ಓದುವಾಗಲೇ ತಿಳಿಯುತ್ತದೆ. ಒಳಗಿರುವವರದಂತೂ ಅಲ್ಲ.

ಗೋಡೆಗೆ ಮುಂಚೆ ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ, ಏಕೆಂದರೆ ನೀವು ಒಮ್ಮೆಯೂ ಒಳಗೆ ಬಂದಿಲ್ಲ. ಬಾಗಿಲವರೆಗೆ ಬಂದು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೋದದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲೊಂದು ಕಟ್ಟಳೆ ಇತ್ತು. ಮೂರು ದಿನ ಕತ್ತಿ ಹಿಡಿದವನು ನಾಲ್ಕನೆಯ ದಿನ ಅದನ್ನು ಮುಟ್ಟುವಂತಿಲ್ಲ. ಅವತ್ತು ಅವನದು ನೀರಿನ ದಿನ. ನನ್ನ ಜೊತೆ ಬಕೆಟ್ಟು ಹಿಡಿದು, ಮೊಣಕಾಲೂರಿ, ನೆಲದ ರಕ್ತ ಉಜ್ಜಬೇಕು. ಇನ್ನೊಂದು, ಹಣೆಯ ಮೇಲೆ ಅಂಗೈ ಇಡದೆ ಕತ್ತಿ ಎತ್ತಬಾರದು. ಅಂಗೈ ಇಟ್ಟರೆ ಕುರಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಒಂದು ಕ್ಷಣದಲ್ಲಿ ಇಟ್ಟವನಿಗೂ ತಾನು ಏನು ಮಾಡಲಿದ್ದೇನೆಂದು ತಿಳಿಯುತ್ತದೆ. ಇದನ್ನು ದಯೆ ಎಂದು ನಾನು ಕರೆಯುವುದಿಲ್ಲ. ಸಾಯುವವರಿಗೆ ಅಂಗೈ ಇದ್ದರೇನು, ಇಲ್ಲದಿದ್ದರೇನು? ಕುತ್ತಿಗೆಯಿಂದ ಚಿಮ್ಮುವ ರಕ್ತ ಬಿಸಿಯಾಗಿಯೇ ಇರುತ್ತದೆ, ಕಾಲುಗಳು ಗಾಳಿಯನ್ನು ಒದೆಯುತ್ತಲೇ ಇರುತ್ತವೆ, ತೆರೆದ ಕಣ್ಣು ತೆರೆದೇ ಇರುತ್ತದೆ. ಆದರೆ ಮಾಡುವವನು ನೋಡಿ ಮಾಡುತ್ತಿದ್ದ. ನೋಡಲಾಗದ ದಿನ ಬಿಟ್ಟು ಹೋಗುತ್ತಿದ್ದ. ಹಾಗೆ ಬಿಟ್ಟು ಹೋದವರು ನನ್ನ ಕಾಲದಲ್ಲೇ ನಾಲ್ಕು ಜನ. ಯಾರೂ ಅವರನ್ನು ಗೇಲಿ ಮಾಡಲಿಲ್ಲ.

ನನ್ನ ತಮ್ಮನ ಮಗ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಬಕೆಟ್ಟಿಗೇ ವಾಂತಿ ಮಾಡಿದ. ಎರಡನೆಯ ದಿನ ಬಂದು, “ಅತ್ತೆ, ಇವತ್ತೂ ಬಕೆಟ್ ಹತ್ರಾನೇ ಇಟ್ಟಿರಿ” ಅಂದ. ಮಾತು ಕಡಿಮೆ, ಅದಕ್ಕೇ ಎಲ್ಲರೂ ಅವನನ್ನು ಗುಮ್ಮ ಎನ್ನುತ್ತಾರೆ. ಹದಿಮೂರು ವರ್ಷ ಅಂಗೈ ಇಟ್ಟು ಕೊಯ್ದ, ನಾಲ್ಕನೆಯ ದಿನ ನೀರು ಹೊತ್ತ. ಅಷ್ಟು ವರ್ಷದಲ್ಲಿ ಅವನ ಕೈ ಒಬ್ಬ ಮನುಷ್ಯನ ಮೇಲೆ ಎದ್ದದ್ದನ್ನು ಯಾರಾದರೂ ನೋಡಿದ್ದರೆ ನಿಮ್ಮ ಒಂಬತ್ತು ಪುಟದಲ್ಲಿ ಅದು ಇರುತ್ತಿತ್ತಲ್ಲವೇ?

ಇನ್ನು ಟೀಚರಮ್ಮ. ಗಾಬರಿಯಾಗಬೇಡಿ, ಅದು ಒಂದು ಆಡು. ಕುರಿಗಳು ರಕ್ತದ ವಾಸನೆಗೆ ಬಾಗಿಲಲ್ಲೇ ಕಾಲೂರಿ ನಿಂತುಬಿಡುತ್ತವೆ. ಬಡಿದರೆ ಒಂದರ ಮೇಲೊಂದು ಹತ್ತಿ ಕಾಲು ಮುರಿದುಕೊಳ್ಳುತ್ತವೆ. ಆದರೆ ಮುಂದೆ ಒಂದು ಆಡು ಧೈರ್ಯವಾಗಿ ನಡೆದರೆ ತಲೆ ಬಗ್ಗಿಸಿ ಅದರ ಹಿಂದೆ ಸಾಲಾಗಿ ಬರುತ್ತವೆ. ಅದಕ್ಕೇ ಅವಳಿಗೆ ಆ ಹೆಸರು. “ಏಯ್, ಟೀಚರ್ ಬಂದ್ರು, ಸಿಗರೇಟ್ ಬಿಸಾಕ್ರೋ!” ಎಂದು ಗಂಡಸರು ತಮಾಷೆ ಮಾಡುತ್ತಿದ್ದರು. ಕುರಿಗಳು ಬರುವ ಓಣಿಯ ಕೊನೆಯಲ್ಲಿ, ಕತ್ತಿಗೆ ಎರಡು ಹೆಜ್ಜೆ ಮುಂಚೆ, ಪಕ್ಕಕ್ಕೊಂದು ಸಣ್ಣ ಬಾಗಿಲು. ಅದರ ಬಳಿ ಚಿಲಕದ ತಾತ ಕೂತಿರುತ್ತಾನೆ. ಎರಡು ಕಣ್ಣಿಗೂ ಪೊರೆ ಬಂದಿದೆ, ಅವನಿಗೆ ಕಿವಿಯೇ ಕಣ್ಣು. ಟೀಚರಮ್ಮನ ಕೊರಳಿನ ಗಂಟೆ ಹತ್ತಿರ ಬಂದಾಗ ಚಿಲಕ ಎತ್ತುತ್ತಾನೆ. ಅವಳು ಹೊರಗೆ ಹೋಗಿ ಒಂದು ಹಿಡಿ ಹಸಿ ಸೊಪ್ಪು ತಿನ್ನುತ್ತಾಳೆ, ಚಿಲಕ ಬೀಳುತ್ತದೆ, ಕುರಿಗಳು ಮುಂದಕ್ಕೆ ಹೋಗುತ್ತವೆ. ಹನ್ನೊಂದು ವರ್ಷ ಹೀಗೆ ನಡೆಯಿತು. ನಂಬಿ ಹಿಂದೆ ಬಂದವರನ್ನು ಕತ್ತಿಯವರೆಗೆ ಕರೆತಂದು ತಾನು ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುವುದು ಒಳ್ಳೆಯ ಕೆಲಸವಲ್ಲ ಎಂದು ನನಗೂ ಗೊತ್ತು. ಆದರೆ ಮಾನ್ಯರೇ, ಆ ಕೆಲಸವನ್ನು ಅವಳೊಬ್ಬಳೇ ಮಾಡುತ್ತಿದ್ದಳೇ? ಬೇರೆ ಕಡೆ ಅದಕ್ಕೆ ಬಡ್ತಿ ಸಿಗುತ್ತದೆ, ಕಾರು ಸಿಗುತ್ತದೆ. ಅವಳಿಗೆ ಸಿಗುತ್ತಿದ್ದದ್ದು ಸೊಪ್ಪು.

ನಿಮ್ಮ ಆದೇಶ ಬಂತು. ಬೀದಿಗೆ ಕಾಣುತ್ತಿದ್ದ ಕಿಟಕಿಗಳಿಗೆ ಇಟ್ಟಿಗೆ ಬಿತ್ತು. ಕುರಿಗೂ ಕೊಲ್ಲುವವನಿಗೂ ನಡುವೆ ಉಕ್ಕಿನ ತಗಡು ನಿಂತಿತು, ತಗಡಿನಲ್ಲೊಂದು ಗೇಣಗಲದ ಕಿಂಡಿ. ಕತ್ತಿಯ ಬದಲು ಮೊಳೆ ಬಂದೂಕು. ಕಿಂಡಿಯ ಕೆಳಗೆ ತಲೆ ಬಂದಾಗ ನೆತ್ತಿಗೆ ಒತ್ತಿ ಕುದುರೆ ಎಳೆದರೆ, ಬೆರಳುದ್ದದ ಮೊಳೆ ಬುರುಡೆ ಒಡೆದು ಒಳಗೆ ಹೋಗಿ ಹಿಂದಕ್ಕೆ ಬರುತ್ತದೆ. ಮುಖ ಕಾಣುವುದಿಲ್ಲ, ಅಂಗೈಗೆ ಜಾಗವಿಲ್ಲ. ಟಕ್. ಮುಂದಿನದು. ಟಕ್. ತರಬೇತಿ ಪಡೆದವನು ಗುಮ್ಮನೊಬ್ಬನೇ ಎಂದು ಏಳು ತಿಂಗಳು ದಿನವೂ ಅವನನ್ನೇ ನಿಲ್ಲಿಸಿದಿರಿ. ನೀರಿನ ದಿನ ರದ್ದಾಯಿತು. ಊಟಕ್ಕೆ ಕೂತಾಗ ಅವನ ಬಲಗೈಯ ತೋರುಬೆರಳು ತಟ್ಟೆಯ ಅಂಚಿನಲ್ಲಿ ತನ್ನಷ್ಟಕ್ಕೆ ಮಡಚಿ ಮಡಚಿ ಬಿಚ್ಚುತ್ತಿತ್ತು. ಅವನ ಹೆಂಡತಿ ಒಂದು ಕೈಯಲ್ಲಿ ಆ ಬೆರಳನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಬಡಿಸುತ್ತಿದ್ದಳು. “ಏನಿದು ಹೊಸ ಸಂಗೀತ?” ಎಂದು ನಾನು ನಗಿಸಲು ನೋಡಿದೆ. “ಕೈ ಮನೆಗೆ ಬರ್ತಾ ಇಲ್ಲ ಅತ್ತೆ, ಅಲ್ಲೇ ಉಳ್ಕೊಂಡಿದೆ” ಅಂದ. ಏಳನೆಯ ಪುಟ ಬರೆದವರು ಈ ಬೆರಳನ್ನು ನೋಡಿದ್ದರೇ?

ಕೊನೆಗೆ ಗಂಟೆ. ಶಬ್ದ ಹೊರಗೆ ಬರಬಾರದು ಎಂದಿರಲ್ಲ, ಟೀಚರಮ್ಮನ ಗಂಟೆ ಗೋಡೆ ದಾಟಿ ಎದುರಿನ ಫ್ಲ್ಯಾಟಿನವರಿಗೆ ಕೇಳುತ್ತದಂತೆ. ಅದು ಕೇಳಿದಾಗಲೆಲ್ಲ ಅವರಿಗೆ ಒಳಗೆ ಏನು ನಡೆಯುತ್ತಿದೆ ಎಂದು ನೆನಪಾಗುತ್ತದಂತೆ. ಗಂಟೆ ಬಿಚ್ಚಿದ್ದಾಯಿತು. ಯಾರು ಬಿಚ್ಚಿದರು ಎಂಬುದಕ್ಕೆ ಆಮೇಲೆ ಬರುತ್ತೇನೆ. ಗಂಟೆ ಹೋದ ಮೇಲೆ ತಾತನಿಗೆ ಚಿಲಕ ಎತ್ತುವ ಹೊತ್ತು ತಿಳಿಯಲಿಲ್ಲ. ಹಾಗಾಗಿ ಒಂಬತ್ತು ದಿನ ನಾನೇ ಓಣಿಯ ಹೊರಬದಿಯಲ್ಲಿ ಟೀಚರಮ್ಮನ ಬೆನ್ನಿನ ಮೇಲೆ ಕೈಯಿಟ್ಟು ನಡೆದು, “ಟೀಚರ್ ಬಂದ್ರೂ” ಎಂದು ಕೂಗುತ್ತಿದ್ದೆ. ತಾತ ಚಿಲಕ ಎತ್ತುತ್ತಿದ್ದ. ತಗಡಿನ ಹಿಂದೆ ಗುಮ್ಮ ಬಂದೂಕು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಹತ್ತನೆಯ ದಿನ ನೀವು ನನ್ನನ್ನು ಸಭೆಗೆ ಕರೆದಿರಿ. ‘ಮಾಂಸ ಮತ್ತು ಮಾನವೀಯತೆ: ನಾಗರಿಕರ ಸಂವಾದ’. ಕಾರ್ಮಿಕರ ಕಡೆಯಿಂದ ಒಬ್ಬರು ಬೇಕಿತ್ತು, ಓದು ಬರಹ ಬರುವವಳು ನಾನು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ, ಉಗುರಿನ ಸಂದಿಯನ್ನು ಮೂರು ಸಲ ಸೋಪು ಹಾಕಿ ತಿಕ್ಕಿದೆ. ಕೂಗುವ ಕೆಲಸವನ್ನು ಕರುಳು ತೊಳೆಯುವ ಉದ್ದಜಡೆಗೆ ವಹಿಸಿದೆ. “ಮರೀಬೇಡ ಕಣೇ” ಅಂದೆ. “ಹೋಗ್ಬನ್ನಿ ಅಕ್ಕಾ, ನನ್ನ ಗಂಟಲು ಊರಿಗೇ ಗೊತ್ತು” ಎಂದು ನಕ್ಕಳು. ನಿಮ್ಮ ಸಭಾಂಗಣ ತಂಪಾಗಿತ್ತು. ಗೋಡೆಯ ಮೇಲೆ ನಗುತ್ತಿರುವ ಕುರಿಮರಿಯ ಚಿತ್ರ. ಮೂವತ್ತೊಂದು ವರ್ಷದಲ್ಲಿ ನಗುವ ಕುರಿಯನ್ನು ನೋಡಿದ್ದು ಅದೇ ಮೊದಲು. ಒಬ್ಬರು ಪ್ರಾಣಿಗಳಿಗಾಗಿ ಅತ್ತರು. ಇನ್ನೊಬ್ಬರು ಪೌಷ್ಟಿಕಾಂಶಕ್ಕಾಗಿ ಮೇಜು ಗುದ್ದಿದರು. ನನಗೆ ಮೂರು ನಿಮಿಷ ಕೊಟ್ಟಿರಿ. ನೀರಿನ ದಿನದ ಬಗ್ಗೆ ಹೇಳಿ, ಗಂಟೆಯ ಮಾತಿಗೆ ಬರುವಷ್ಟರಲ್ಲಿ ನಿಮ್ಮ ಪಕ್ಕದಲ್ಲಿದ್ದವರು ಮೇಜಿನ ಮೇಲಿದ್ದ ಗಂಟೆಯನ್ನು ಒತ್ತಿದರು. ಕಾಲ ಮುಗಿಯಿತು. ಆ ಸಭೆಯಲ್ಲಿ ಗಂಟೆಗೆ ಅನುಮತಿ ಇತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಅದೇ ಹೊತ್ತಿಗೆ ಗೋಡೆಯ ಒಳಗೆ ಏನಾಯಿತು ಎಂದು ಉದ್ದಜಡೆಯೂ ತಾತನೂ ಆಮೇಲೆ ನನಗೆ ಹೇಳಿದ್ದನ್ನು ಬರೆಯುತ್ತೇನೆ. ನಿಮ್ಮ ಸಭೆಯ ಸುದ್ದಿಗಾಗಿ ಟಿವಿಯವರ ವ್ಯಾನುಗಳು ನಮ್ಮ ಗೇಟಿಗೂ ಬಂದು ನಿಂತಿದ್ದವು. ಉದ್ದಜಡೆ ಬಾಯಿ ತೆರೆದಳು. ಮೇಲ್ವಿಚಾರಕರು ಓಡಿ ಬಂದು ಅವಳ ಬಾಯಿಗೆ ಅಂಗೈ ಒತ್ತಿದರು. “ಶ್! ಹೊರಗೆ ಟಿವಿಯವರಿದ್ದಾರೆ.” “ಸಾರ್, ಟೀಚರು…” “ಟೀಚರೂ ಇಲ್ಲ, ಹೆಡ್‌ಮಾಸ್ಟರೂ ಇಲ್ಲ, ಸುಮ್ನೆ ನಡಿ!” ತಾತ ಕಿವಿಗೊಟ್ಟು ಕೂತೇ ಇದ್ದ. ಚಿಲಕ ಏಳಲಿಲ್ಲ. ಟೀಚರಮ್ಮ ಹನ್ನೊಂದು ವರ್ಷದ ಅಭ್ಯಾಸದಂತೆ ಸಣ್ಣ ಬಾಗಿಲಿಗೆ ಒಮ್ಮೆ ಮೂತಿ ಒತ್ತಿದಳು, ಹಿಂದಿನಿಂದ ಕುರಿಗಳು ದೂಡಿದವು, ಕಿಂಡಿಯ ಕೆಳಗೆ ತಲೆ ಬಂತು. ಟಕ್.

ಕುರಿಯ ನೆತ್ತಿ ಬೇರೆ, ಕೊಂಬಿರುವ ಆಡಿನ ನೆತ್ತಿ ಬೇರೆ. ಮೊಳೆ ಕೊಂಬಿನ ಬುಡಕ್ಕೆ ತಾಗಿ, ಜಾರಿ, ಎಡಗಣ್ಣನ್ನು ಒಡೆದುಕೊಂಡು ಹೋಯಿತು. ಅವಳು ಸಾಯಲಿಲ್ಲ. ಕೂಗಿದಳು. ಆ ಕೂಗು ನಿಮ್ಮ ಗೋಡೆಯನ್ನೂ ದಾಟಿತಂತೆ. ಗುಮ್ಮ ಬಂದೂಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಗಡಿನ ಈಚೆಗೆ ಓಡಿ ಬಂದ. ಹಣೆಯಿಂದ ರಕ್ತ ಹಾರಿಸುತ್ತ ಅವಳು ಓಣಿಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳನ್ನೇ ಹಿಂಬಾಲಿಸಿ ರೂಢಿಯಾದ ಹಾಗೆ ಕುರಿಗಳು ಒಂದರ ಮೇಲೊಂದು ಹತ್ತಿ ಅವಳನ್ನು ತುಳಿಯುತ್ತಿದ್ದವು. ಅವುಗಳ ನಡುವೆ ನುಗ್ಗಿ ಅವಳನ್ನು ಎತ್ತಿ ಹೊರಗೆ ತಂದ. ಕೊರಳಿನಲ್ಲಿ ಗಂಟೆಯ ಪಟ್ಟಿ ಉಜ್ಜಿ ಉಜ್ಜಿ ಕೂದಲು ಸವೆದ ಗುರುತು. ಅದನ್ನು ಮುಟ್ಟಿ ನೋಡಿದ. ಹಣೆಯ ಮೇಲೆ ಅಂಗೈ ಇಟ್ಟ. ಉದ್ದಜಡೆಯ ಸೊಂಟದಲ್ಲಿದ್ದ ಚಾಕು ಎಳೆದುಕೊಂಡು ಕೊನೆಯ ಕೆಲಸವನ್ನು ತಾನೇ ಮಾಡಿದ. ಏಳು ತಿಂಗಳಲ್ಲಿ ಅವನು ಮುಖ ನೋಡಿ ಕೊಂದದ್ದು ಅವಳೊಬ್ಬಳನ್ನೇ.

“ಗಂಟೆ ಬಿಚ್ಚಿದ್ದು ಯಾರು?” ಅಂದ.

ಮೇಲ್ವಿಚಾರಕರು ಸುಮ್ಮನಿರಬಹುದಿತ್ತು. “ಗಂಟೆ ಬೇಡ ಅಂದವನು ನಾನೇ. ಏನೀಗ? ಒಂದು ಆಡಿಗೆ ಇಷ್ಟೊಂದು ಡ್ರಾಮಾನಾ? ನಾಳೆ ಇನ್ನೊಂದು ತರಿಸ್ತೀನಿ. ಕೊಕ್ಕೆಗೆ ಹಾಕು, ತೂಕಕ್ಕೆ ಸೇರ್ಲಿ” ಅಂದರು.

ಗುಮ್ಮ ಬಂದೂಕಿನ ಹಿಡಿಯಿಂದ ಹೊಡೆದ. ಮೊದಲ ಏಟಿಗೆ ದವಡೆ ಕಿವಿಯ ಬಳಿ ಮುರಿಯಿತು, ಎರಡನೆಯದಕ್ಕೆ ಗದ್ದದ ಬಳಿ. ಮೂರನೆಯ ಏಟನ್ನು ಅವನು ಅವರಿಗೆ ಹೊಡೆಯಲಿಲ್ಲ. ತಿರುಗಿ ನಿಮ್ಮ ಉಕ್ಕಿನ ತಗಡಿಗೆ ಹೊಡೆದ. ಬಂದೂಕು ಕೈಯಿಂದ ಹಾರಿದ ಮೇಲೆ ಬರಿಗೈಯಲ್ಲಿ ಹೊಡೆದ. ಬಲಗೈಯ ಮಣಿಕಟ್ಟು ಮುರಿದು ಮೂಳೆ ಚರ್ಮ ಹರಿದು ಈಚೆ ಬರುವವರೆಗೂ ಹೊಡೆದ. ತಗಡಿನ ಮೇಲೆ ಅವನ ರಕ್ತ ಕಿಂಡಿಯ ಸುತ್ತ ಬಿದ್ದಿತ್ತು. ತೊಳೆದವಳು ನಾನು, ಅದಕ್ಕೇ ಗೊತ್ತು. ಆಮೇಲೆ ನಾಲ್ವರು ಪೊಲೀಸರು ಬಂದರು. ಅಷ್ಟರಲ್ಲಿ ಅವನು ಟೀಚರಮ್ಮನ ಪಕ್ಕ ಕೂತಿದ್ದ. ಕೂತವನನ್ನೇ ಬೂಟಿನಿಂದ ಒದ್ದರು, ಬಿದ್ದ ಮೇಲೆ ಮುಖಕ್ಕೆ ಒದ್ದರು. ಮುಖ ಊದಿದ್ದು ಹಾಗೆ. ಅದರ ಚಿತ್ರ ತೆಗೆದು ನೀವು ಕರುಣೆಯ ಕರಪತ್ರಕ್ಕೆ ಬಳಸಿಕೊಂಡಿರಿ.

ಈಗ ಹೇಳಿ, ಕ್ರೌರ್ಯ ಎಲ್ಲಿ ನೆಲೆಗೊಂಡಿತ್ತು? ಪ್ರಾಣಿ ಕೊಂದೂ ಕೊಂದೂ ಅವನ ಮನಸ್ಸು ಕಲ್ಲಾಗಿದ್ದರೆ, ಒಂದು ಆಡಿಗಾಗಿ ತನ್ನ ಮೂಳೆ ತಾನೇ ಮುರಿದುಕೊಳ್ಳುತ್ತಿದ್ದನೇ? ಮೇಲ್ವಿಚಾರಕರಿಗೆ ಹೊಡೆದದ್ದು ತಪ್ಪು. ಆ ನೋವು ಸಣ್ಣದಲ್ಲ, ಅದಕ್ಕೆ ಶಿಕ್ಷೆಯಾಗಲಿ. ಆದರೆ ಕಲ್ಲಾದದ್ದು ಅವನಲ್ಲ. ನೋಡಬೇಡ, ಕೇಳಬೇಡ, ಮುಟ್ಟಬೇಡ, ಬರೀ ಬೆರಳು ಮಡಚು ಎಂದವರು ಯಾರು? ನಗರಕ್ಕೆ ಮಾಂಸವೂ ಬೇಕು, ಗಂಟೆಯ ಸದ್ದು ಮಾತ್ರ ಬೇಡ ಎಂದವರು ಯಾರು? ಬಿಡುವುದಾದರೆ ಬಿಡಿ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ನನ್ನ ಕೆಲಸ ಹೋದರೂ ಪೊರಕೆ ಹಿಡಿಯಲು ಬೇರೆ ನೆಲ ಸಿಗುತ್ತದೆ. ತಿನ್ನುವುದಾದರೆ ತಿನ್ನಿ, ನನ್ನ ಯಜಮಾನರಿಗೆ ಬಡಿಸಿದ ಕೈಯಿಂದ ನಿಮ್ಮನ್ನು ಬೈಯಲಾರೆ. ಆದರೆ ನೀವು ಎರಡೂ ಮಾಡಲಿಲ್ಲ. ತಿನ್ನುವವರಿಗೆ ತಿಂದದ್ದು ಮರೆತುಹೋಗುವಂತೆ ಮಾಡಿದಿರಿ, ಆ ಮರೆವಿನ ಕೂಲಿಯನ್ನು ಒಬ್ಬನ ಬೆರಳಿಗೆ ಕಟ್ಟಿದಿರಿ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಮೂರು ದಿನ ಈ ಪತ್ರವನ್ನು ಇಲ್ಲಿಗೇ ನಿಲ್ಲಿಸಿ ಮಡಚಿಟ್ಟಿದ್ದೆ.

ಕಳೆದ ವಾರ ಜೈಲಿಗೆ ಹೋಗಿದ್ದೆ. ಜಾಲರಿಯ ಆ ಕಡೆ ಬಲಗೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಕೈ ಹೇಗಿದೆ ಎಂದು ಕೇಳಿದೆ. “ಬೆರಳು ನಿಂತಿದೆ ಅತ್ತೆ” ಅಂದ. ನಕ್ಕ. ಆಮೇಲೆ ಜಾಲರಿಗೆ ಮುಖ ತಂದು, “ಗಂಟೆ ಬಿಚ್ಚಿದ್ದು ಆ ಮೇಲ್ವಿಚಾರಕನೇ ಅಲ್ವಾ? ಲಾಯರ್ ಕೇಳ್ತಾ ಇದ್ರು. ಅವನ ಕೈಯಾರೆ ಬಿಚ್ಚಿದ ಅಂತ ಕೋರ್ಟಲ್ಲಿ ಹೇಳ್ತೀನಿ” ಅಂದ.

“ಹೂಂ” ಅಂದೆ.

“ಹಾಗಾದ್ರೆ ಸರಿ ಬಿಡಿ. ಹೊಡೆದದ್ದು ತಪ್ಪಾದ್ರೂ ತಪ್ಪು ಮನುಷ್ಯನಿಗಂತೂ ಅಲ್ಲ” ಅಂದ.

ಮಾನ್ಯರೇ, ಗಂಟೆ ಬಿಚ್ಚಿದವಳು ನಾನು. ಮೇಲ್ವಿಚಾರಕರು ಹತ್ತಿರ ಹೋದರೆ ಟೀಚರಮ್ಮ ಕೊಂಬಿನಿಂದ ಹಾಯುತ್ತಿದ್ದಳು. ಕೊರಳು ಮುಟ್ಟಲು ಬಿಡುತ್ತಿದ್ದದ್ದು ನನಗೊಬ್ಬಳಿಗೇ. ಅವತ್ತು ಬೆಳಗ್ಗೆ, ಗುಮ್ಮ ಇನ್ನೂ ಬಂದಿರದ ಹೊತ್ತಿನಲ್ಲಿ, ಮೇಲ್ವಿಚಾರಕರು ಗಂಟೆಯ ಬಗ್ಗೆ ಬಂದ ನಿಮ್ಮ ಹೊಸ ಆದೇಶವನ್ನು ನನ್ನ ಕೈಗೆ ಕೊಟ್ಟು, “ನೀವೇ ಎಲ್ರಿಗೂ ಓದಿ ಹೇಳಿ, ನಿಮಗಾದ್ರೆ ಸ್ಪಷ್ಟವಾಗಿ ಓದೋಕೆ ಬರತ್ತೆ” ಅಂದರು. ನನಗೆ ಅದೊಂದು ಜಂಬ. ಕನ್ನಡಕ ಏರಿಸಿ, ಎಲ್ಲೂ ತಡವರಿಸದೆ, ಗಟ್ಟಿಯಾಗಿ ಓದಿದೆ. “ಶಬ್ದ ಹೊರಗೆ ಬಾರದಂತೆ ಕ್ರಮ ಕೈಗೊಳ್ಳತಕ್ಕದ್ದು.” ತಾತ ತಲೆದೂಗಿದ. ಹಾಗೆ ಓದಿದ ಬಾಯಿಂದಲೇ ಬಿಚ್ಚುವುದಿಲ್ಲ ಎನ್ನಲು ಆಗಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು, ಅದೂ ನೆನಪಾಯಿತು. ಎಲ್ಲರೂ ಚದುರಿದ ಮೇಲೆ ಟೀಚರಮ್ಮ ಕೊರಳೊಡ್ಡಿ ನಿಂತಳು, ಸೊಪ್ಪು ಕೊಡುತ್ತೇನೆಂದುಕೊಂಡು. ಕಿವಿಯ ಹಿಂದೆ ತುರಿಸುತ್ತ ಬಕಲು ಬಿಚ್ಚಿದೆ. ಗಂಟೆ ಸದ್ದು ಮಾಡದಿರಲೆಂದು ಅದರೊಳಗೆ ನೆಲ ಒರೆಸುವ ಬಟ್ಟೆ ತುರುಕಿ ನನ್ನ ಬಕೆಟ್ಟಿನ ಕೆಳಗಿಟ್ಟೆ. ಗುಮ್ಮ ಬಂದು ಗಂಟೆ ಎಲ್ಲಿ ಎಂದು ಕೇಳಿದಾಗ “ಆಫೀಸಿನವರು ತಗೊಂಡ್ರು” ಅಂದೆ. ಅವನು ಹೊಡೆದ ಎರಡು ಏಟು ಬೀಳಬೇಕಾಗಿದ್ದದ್ದು ನನ್ನ ದವಡೆಗೆ.

ಆದ್ದರಿಂದ ನನ್ನ ಬೇಡಿಕೆ. ಏಳನೆಯ ಪುಟವನ್ನು ಹಿಂದಕ್ಕೆ ಪಡೆಯಿರಿ. ಅದರ ಜಾಗದಲ್ಲಿ ಹೊಸ ಪುಟ ಬರೆಯಿಸಿ: ಗಂಟೆ ಬೇಡ ಎಂದು ಸಹಿ ಹಾಕಿದ ಕೈ ಯಾವುದು, ಅದನ್ನು ಬಿಚ್ಚಿದ ಕೈ ಯಾವುದು, ಇವೆರಡರ ನಡುವೆ ಒಬ್ಬ ಮನುಷ್ಯನನ್ನು ತಗಡಿನ ಹಿಂದೆ ಏಳು ತಿಂಗಳು ಹೇಗೆ ನಿಲ್ಲಿಸಲಾಯಿತು ಎಂದು. ನೀವು ಬರೆಯದಿದ್ದರೆ ನಾನು ಹೇಳುತ್ತೇನೆ. ಗುರುವಾರ ಗಂಟೆಯನ್ನು ತೆಗೆದುಕೊಂಡು ನ್ಯಾಯಾಲಯಕ್ಕೆ ಬರುತ್ತೇನೆ, ಒಳಗಿನ ಬಟ್ಟೆಯನ್ನು ತೆಗೆದೇ ತರುತ್ತೇನೆ. ಮತ್ತೆ, ನಗರ ಮಾಂಸ ಬಿಡಬೇಕೋ ಬೇಡವೋ ಎಂದು ನೀವು ತೀರ್ಮಾನಿಸುವ ಮುಂಚೆ ಒಂದು ಬೆಳಗ್ಗೆ ಆರರಿಂದ ಹತ್ತರವರೆಗೆ ನಮ್ಮಲ್ಲಿಗೆ ಬಂದು ನಿಲ್ಲಿ. ಕರವಸ್ತ್ರ ಬೇಡ. ವಾಂತಿ ಬಂದರೆ ಬಕೆಟ್ಟು ಹತ್ತಿರವೇ ಇಟ್ಟಿರುತ್ತೇನೆ. ಆಮೇಲೆ ನೀವು ಬಿಡಿ ಎಂದರೂ ಒಪ್ಪುತ್ತೇನೆ, ತಿನ್ನಿ ಎಂದರೂ ಒಪ್ಪುತ್ತೇನೆ.

ಬುಧವಾರದೊಳಗೆ ಒಂದು ಸಾಲಾದರೂ ಬರೆಯಿರಿ. ಮೇಲ್ವಿಚಾರಕರ ದವಡೆ ನಿಜಕ್ಕೂ ಹೇಗಿದೆ ಎಂಬುದನ್ನೂ ಬರೆಯಿರಿ. ಈಗ ನಿಮಗೆ ಗೊತ್ತಾಯಿತಲ್ಲ, ಬಾಯಿಮಾತಿಗೆ ಕೇಳುತ್ತಿಲ್ಲ.

ಜೈಲಿಗೂ ಈ ಪತ್ರಿಕೆ ಹೋಗುತ್ತದಂತೆ. ಗುಮ್ಮಾ, ಓದಿದೆಯಾ ಮಗಾ? ಜಾಲರಿಯ ಮುಂದೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಎಲ್ಲರೆದುರು ಹೇಳಿದ್ದೇನೆ. ಕೋರ್ಟಿನಲ್ಲಿ ನೀನು ಸುಳ್ಳು ಹೇಳುವಂತಾಗಬಾರದು. ನಿನಗೆ ಅಕ್ಷರ ಕಲಿಸಿದವಳು ನಾನೇ ಅಲ್ಲವೇ, ಬಲಗೈ ಕೂಡದಿದ್ದರೆ ಎಡಗೈಯಲ್ಲಿ ಬರಿ. ವಕ್ರವಾದರೂ ಪರವಾಗಿಲ್ಲ, ಬೈದರೂ ಪರವಾಗಿಲ್ಲ. ಬೇಗ ಬರಿ.

ಇಂತಿ,
ಏಳನೆಯ ಪುಟದಲ್ಲಿ ಇರಬೇಕಾಗಿದ್ದವಳು,
ನಿಮ್ಮ ಘಟಕದ ನೆಲ ತೊಳೆಯುವ ಹೆಂಗಸು